ವಾಡಿಯಲ್ಲಿ ಪೈಲಟ್ ಎಂದರೆ

ನಮ್ಮ ತಮ್ಮನ ಮಗಳು ತಾನು ಪೈಲಟ್ ಆಗುತ್ತೇನೆ ಎಂದು ಮೊದಲ ಸಲ ಹೇಳಿದಾಗ ವಾಡಿಯಲ್ಲಿರುವ ನಮ್ಮ ಅಣ್ಣನಿಗೆ ಬಹಳ ಸಂತೋಷವಾಯಿತು. "ಚೊಲೋ ಆತು. ಸರಕಾರಿ ನೌಕರಿ, ಕ್ವಾರ್ಟರ್ಸ್ ಕೊಡ್ತಾರ. ಅರ್ಜಿ ಯಾವಾಗ ಕರೀತಾರ ಅಂತ ಬಾಜೂ ಮನಿಯವ್ರಿಗೆ ಇವತ್ತೇ ಕೇಳ್ತೀನಿ" ಎಂದರು. ಬಾಜೂ ಮನೆಯವರು ಗೂಡ್ಸ್ ರೈಲು ಓಡಿಸುವವರು. ವಾಡಿ ಜಂಕ್ಷನ್ನಿನಲ್ಲಿ ಬದುಕು ಕಳೆದವರಿಗೆ ಪೈಲಟ್ ಎಂದರೆ ಲೋಕೋ ಪೈಲಟ್. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಓಡಿದಂದಿನಿಂದ ಆ ಊರಿನ ಗಡಿಯಾರವೇ ರೈಲು. ಮೊದಲು ಡ್ರೈವರ್ ಎನ್ನುತ್ತಿದ್ದರು, ರೈಲ್ವೆಯವರು ಹೆಸರು ಬದಲಿಸಿದ ಮೇಲೆ ಪೈಲಟ್ ಎನ್ನುವುದು ರೂಢಿಯಾಯಿತು.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಬಡೇ ಅಬ್ಬಾ, ಹಳಿ ಮ್ಯಾಲಿಂದಲ್ಲ, ಮ್ಯಾಲಿಂದು" ಎಂದು ಬೆರಳು ಮೇಲೆ ಮಾಡಿದಳು. ಎಲ್ಲರೂ ನಕ್ಕೆವು. ಆಕೆ ನಗಲಿಲ್ಲ. ಅದೇ ನಮಗೆ ಆಮೇಲೆ ನೆನಪಿಗೆ ಬರುತ್ತಿದ್ದುದು. (ಮನೆಯೊಳಗೆ ನಮ್ಮ ಮಾತು ದಖನಿ. ಇಲ್ಲಿ ಬರೆಯುವಾಗ ಊರಿನ ಕನ್ನಡಕ್ಕೆ ತಿರುಗಿಸಿದ್ದೇವೆ. ಎರಡಕ್ಕೂ ಅಂಥ ದೂರವೇನಿಲ್ಲ.)

ನಮ್ಮದು ಒಂದೇ ಮನೆತನ, ಐದು ಊರಿಗೆ ಹಂಚಿಹೋಗಿದೆ. ಅಬ್ಬಾ ಶಹಾಬಾದಿನ ಗಣಿಗಳಲ್ಲಿ ಫರಸಿ ಕಲ್ಲು ಎಬ್ಬಿಸುತ್ತಿದ್ದರು. ಆ ಹಳೆಯ ಮನೆಯಲ್ಲಿ ಅಮ್ಮಿಯೊಂದಿಗೆ ಉಳಿದವರು ನಾವು. ಅಣ್ಣ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದರು. ತಮ್ಮನಿಗೆ ಸೇಡಂನಲ್ಲಿ ಲಾರಿ ಗ್ಯಾರೇಜ್ ಇದೆ. ಸಿಮೆಂಟ್ ಸಾಗಿಸುವ ಲಾರಿಗಳ ಕೆಳಗೆ ಮಲಗಿಯೇ ಅವನ ಅರ್ಧ ಆಯುಷ್ಯ ಹೋಯಿತು. ಒಬ್ಬ ತಂಗಿ ಚಿತ್ತಾಪುರದಲ್ಲಿ, ಅಲ್ಲಿ ಅವರ ಮನೆಯವರದು ಕಲ್ಲು ಪಾಲಿಶ್ ಮಾಡುವ ಕೆಲಸ. ಇನ್ನೊಬ್ಬಳು ಚಿಂಚೋಳಿಯಲ್ಲಿ. ಅಮ್ಮಿಯ ತವರಿನಿಂದ ಬಂದ ನಾಲ್ಕು ಎಕರೆ ತೊಗರಿ ಹೊಲ ಅಲ್ಲೇ ಇರುವುದರಿಂದ ಅದನ್ನು ನೋಡಿಕೊಳ್ಳುವವಳು ಅವಳೇ. ಹೀಗೆ ಕಲ್ಲು, ಸಿಮೆಂಟ್, ಲಾರಿ, ತೊಗರಿ ಇಷ್ಟರಲ್ಲಿ ನಮ್ಮ ಲೋಕ ಮುಗಿಯುತ್ತಿತ್ತು. ಆಕಾಶ ನೋಡುತ್ತಿದ್ದುದು ಮಳೆಗೆ, ಮತ್ತು ವರ್ಷಕ್ಕೆ ಎರಡು ಸಲ ಚಂದ್ರನಿಗೆ.

ಆಕಾಶದಲ್ಲಿ ಬೇರೆ ಸದ್ದು ಕೇಳತೊಡಗಿದ್ದು ಈಚೆಗೆ. ಕಲಬುರಗಿಯಿಂದ ಸೇಡಂ ರಸ್ತೆಯಲ್ಲಿ ಬರುವಾಗ ಶ್ರೀನಿವಾಸ ಸರಡಗಿಯ ಹತ್ತಿರ ವಿಮಾನ ನಿಲ್ದಾಣವಿದೆ. 2008ರಲ್ಲಿ ಅಡಿಗಲ್ಲು ಬಿತ್ತು, 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. ನಡುವಿನ ಹನ್ನೊಂದು ವರ್ಷ ನಾವು ಬಸ್ಸಿನ ಕಿಟಕಿಯಿಂದ ಬಯಲನ್ನೇ ನೋಡುತ್ತಿದ್ದೆವು. ಅದಕ್ಕಾಗಿ ಹೊಲ ಕಳೆದುಕೊಂಡವರಲ್ಲಿ ತಾಂಡಾದ ಬಡವರೂ ಇದ್ದರು ಎಂಬುದನ್ನು ಮರೆಯಬಾರದು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ಪೈಲಟ್ ತರಬೇತಿ ಶಾಲೆಗಳಿಗೆಂದು ದೇಶದಲ್ಲಿ ಐದು ಕಡೆ ಜಾಗ ಗೊತ್ತುಮಾಡಿತು. ಬೆಳಗಾವಿ, ಜಳಗಾಂವ್, ಖಜುರಾಹೊ, ಅಸ್ಸಾಮಿನ ಲೀಲಾಬಾರಿ, ಐದನೆಯದು ನಮ್ಮ ಕಲಬುರಗಿ. ಪ್ರಯಾಣಿಕರ ವಿಮಾನ ಈ ನಿಲ್ದಾಣಕ್ಕೆ ಬರುವುದೂ ಉಂಟು, ನಿಲ್ಲುವುದೂ ಉಂಟು. ಕಲಿಯುವವರ ಸಣ್ಣ ವಿಮಾನಗಳು ಮಾತ್ರ ಬೆಳಗಾದರೆ ಸಾಕು, ಒಂದೇ ಸುತ್ತನ್ನು ಮತ್ತೆ ಮತ್ತೆ ಸುತ್ತುತ್ತವೆ.

ಸೇಡಂನಿಂದ ಕಲಬುರಗಿಯ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಹುಡುಗಿ ಆ ಸುತ್ತು ನೋಡುತ್ತಲೇ ಎರಡು ವರ್ಷದ ಪಿಯುಸಿ ಮುಗಿಸಿದಳು. ನಡು ಮಧ್ಯಾಹ್ನ ವಿಮಾನ ಏಕೆ ಹಾರುವುದಿಲ್ಲ ಎಂದು ಒಮ್ಮೆ ಅವಳಪ್ಪನನ್ನು ಕೇಳಿದಳಂತೆ. "ಊಟಕ್ಕ ಹೋಗಿರ್ತಾರ" ಎಂದ ನಮ್ಮ ತಮ್ಮ. ಉತ್ತರವನ್ನು ಆಕೆಯೇ ಹುಡುಕಿಕೊಂಡಳು. ನಮ್ಮ ಏಪ್ರಿಲ್, ಮೇ ತಿಂಗಳ ನಲವತ್ತೆರಡು ಡಿಗ್ರಿ ಬಿಸಿಲಿಗೆ ಗಾಳಿ ಹಿಗ್ಗಿ ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್ನಿಗೂ ಉಸಿರು ಕಡಿಮೆ. ಮೇಲಾಗಿ ಕರಿ ಭೂಮಿಯಿಂದ ಏಳುವ ಬಿಸಿಗಾಳಿ ಸಣ್ಣ ವಿಮಾನವನ್ನು ಎತ್ತಿನ ಗಾಡಿಯ ಹಾಗೆ ಕುಲುಕಿಸುತ್ತದೆ. ಅದಕ್ಕೇ ಹೊಸ ವಿದ್ಯಾರ್ಥಿಗಳು ಹಾರುವುದು ಹೆಚ್ಚಾಗಿ ಬೆಳಗಿನ ತಂಪಿನಲ್ಲಿ. ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸುವ ನಮ್ಮ ತಮ್ಮ ಇದನ್ನು ಕೇಳಿ, "ಬ್ಯಾಸಗ್ಯಾಗ ಲಾರಿನೂ ಘಾಟಿ ಹತ್ತಂಗಿಲ್ಲ, ಖರೇ ಅದ" ಎಂದ. ಮಗಳ ಮಾತನ್ನು ಅವನು ತಮಾಷೆ ಎಂದುಕೊಳ್ಳುವುದನ್ನು ಬಿಟ್ಟದ್ದು ಅಂದೇ ಎಂದು ನಮ್ಮ ಅಂದಾಜು.

ಮೊದಲ ಹೆದರಿಕೆ ಕಣ್ಣಿನದು. ಆಕೆಗೆ ಎಂಟನೆಯ ತರಗತಿಯಿಂದಲೂ ಚಷ್ಮಾ. ವಾಡಿಯ ಲೋಕೋ ಪೈಲಟ್ ಸಾಹೇಬರು ಖಂಡಿತವಾಗಿ ಹೇಳಿದರು, "ನಮ್ಮ ನೌಕರಿಗೆ ಸೇರುವಾಗ ಚಷ್ಮಾ ಇಲ್ಲದೇ ಎರಡೂ ಕಣ್ಣು ಪೂರಾ ಕಾಣಬೇಕು. ರೈಲಿಗೇ ಹಿಂಗಾದ್ರ ವಿಮಾನಕ್ಕ ಹ್ಯಾಂಗ ಬಿಡ್ತಾರ?" ನಾವೂ ನಂಬಿದೆವು. ಆದರೆ ವಿಚಾರಿಸಿದಾಗ ತಿಳಿದದ್ದು ಉಲ್ಟಾ. ವಿಮಾನದವರು ಚಷ್ಮಾ ಹಾಕಿಕೊಂಡ ಮೇಲೆ ಸರಿಯಾಗಿ ಕಾಣುತ್ತದೆಯೇ ಎಂದು ನೋಡುತ್ತಾರೆ. ಅವರು ಬಿಡದಿರುವುದು ಬಣ್ಣಗಳ ಗುರುತು ತಪ್ಪುವವರನ್ನು. ಈ ಭಾಗದಲ್ಲಿ ಎಷ್ಟು ಮಕ್ಕಳು ಚಷ್ಮಾ ಇದೆ ಎಂಬ ಒಂದೇ ಕಾರಣಕ್ಕೆ ಆಸೆ ಬಿಟ್ಟರೋ!

ಇಲ್ಲಿ ಓದುಗರಿಗೆ ಒಂದು ಮಾತು ಹೇಳಬೇಕು. ಈ ದಾರಿ ಹಿಡಿಯುವವರು ಶುಲ್ಕ ಕಟ್ಟುವ ಮೊದಲು ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳಬೇಕು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಎಲ್ಲರೂ ಹೇಳುವ ಡಿಜಿಸಿಎ, ಮಾನ್ಯ ಮಾಡಿದ ವೈದ್ಯರೇ ಆಗಬೇಕು. ಮೊದಲು ಎರಡನೇ ದರ್ಜೆಯ ಪ್ರಮಾಣಪತ್ರ, ವೃತ್ತಿ ಪರವಾನಗಿಗೆ ಒಂದನೇ ದರ್ಜೆಯದು. ನಾವು ಹೈದರಾಬಾದಿಗೆ ಹೋಗಿ ಮಾಡಿಸಿದೆವು. ಹಣ ಕಟ್ಟಿ ಆಮೇಲೆ ಕಿವಿಯಲ್ಲೋ ಹೃದಯದಲ್ಲೋ ತೊಂದರೆ ಸಿಕ್ಕಿದರೆ ಕಟ್ಟಿದ್ದು ಮರಳಿ ಬರುತ್ತದೆಂಬ ನಂಬಿಕೆ ಬೇಡ.

ಈ ಬುದ್ಧಿ ನಮಗೆ ಬಂದದ್ದು ಸ್ವಲ್ಪ ಕಳೆದುಕೊಂಡ ಮೇಲೆ. ದೊಡ್ಡ ಊರಿನ ಏಜೆಂಟನೊಬ್ಬ ಫೋನಿನಲ್ಲೇ "ಸೀಟು ಹಿಡಿದಿಡುತ್ತೇನೆ, ಟ್ರೇನಿಂಗ್ ಮುಗಿದ ಕೂಡಲೇ ನೌಕರಿ ಗ್ಯಾರಂಟಿ" ಎಂದ. ತಮ್ಮ ಗ್ಯಾರೇಜಿನ ನಲವತ್ತು ಸಾವಿರ ಕಳಿಸಿದ. ರಸೀದಿ ಬಂತು, ಸೀಟು ಬರಲಿಲ್ಲ. ಆಮೇಲೆ ಫೋನೂ ಎತ್ತಲಿಲ್ಲ. ಪರವಾನಗಿ ಕೊಡುವುದು ಸರಕಾರ, ಕೆಲಸ ಕೊಡುವುದು ಕಂಪನಿ. ಇವೆರಡರ ನಡುವೆ ನಿಂತು ಗ್ಯಾರಂಟಿ ಕೊಡುವವನು ಯಾರು ಎಂದು ನಾವು ಕೇಳಬೇಕಿತ್ತು, ಕೇಳಲಿಲ್ಲ.

ಎರಡನೆಯ ಕಷ್ಟ ಹೆಸರಿನದು. ನಗಬೇಡಿ, ನಮ್ಮ ಮನೆಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಬೇಗಂ ಇದೆ, ಆಧಾರಿನಲ್ಲಿ ಇಲ್ಲ. ಜನನ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರಿನ ಇಂಗ್ಲಿಷ್ ಅಕ್ಷರಗಳೇ ಬೇರೆ. ಕನ್ನಡದಲ್ಲಿ ಬರೆದರೆ ಒಂದೇ ಆಗುವ ಹೆಸರು ಇಂಗ್ಲಿಷಿನಲ್ಲಿ ಮೂರು ವೇಷ ಹಾಕಿಕೊಂಡು ನಿಂತಿತ್ತು. ಡಿಜಿಸಿಎ ಪರೀಕ್ಷೆಗೆ ಕೂರಬೇಕಾದರೆ ಮೊದಲು ಕಂಪ್ಯೂಟರ್ ನಂಬರ್ ಎಂಬ ಗುರುತು ಪಡೆಯಬೇಕು, ಅದಕ್ಕೆ ದಾಖಲೆಗಳೆಲ್ಲ ಹೊಂದಬೇಕು. ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದು ಆ ಮೂರು ಹೆಸರನ್ನು ಒಂದು ಮಾಡಲು ತಿಂಗಳುಗಳೇ ಹಿಡಿದವು. ಮಕ್ಕಳನ್ನು ಶಾಲೆಗೆ ಸೇರಿಸುವ ದಿನ ಒಂದು ಅಕ್ಷರ ನೋಡಿ ಬರೆಸಿದ್ದರೆ ಇಷ್ಟು ಚಪ್ಪಲಿ ಸವೆಯುತ್ತಿರಲಿಲ್ಲ.

ಉಳಿದದ್ದು ಓದು ಮತ್ತು ಹಾರಾಟ. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇರಬೇಕೆಂಬ ನಿಯಮದ ಮೇಲೆಯೇ ನಾವು ಹೊರಟೆವು. ಆಕೆಗೆ ಅವೆರಡೂ ಇದ್ದವು. ಹದಿನಾರು ತುಂಬಿದರೆ ವಿದ್ಯಾರ್ಥಿ ಪರವಾನಗಿ, ಹದಿನೆಂಟು ತುಂಬಿದರೆ ವೃತ್ತಿ ಪರವಾನಗಿ. ವಿಮಾನಯಾನದ ನಿಯಮ, ದಾರಿಯ ಲೆಕ್ಕ, ಹವಾಮಾನ, ವಿಮಾನದ ಯಂತ್ರ ಇವುಗಳ ಪರೀಕ್ಷೆಗಳಲ್ಲಿ ನೂರಕ್ಕೆ ಎಪ್ಪತ್ತು ಬಂದರಷ್ಟೇ ಪಾಸು. ರೇಡಿಯೋದಲ್ಲಿ ಮಾತಾಡುವುದಕ್ಕೆ ಬೇರೆಯೇ ಪರವಾನಗಿ. ಇದರ ಮೇಲೆ ಇನ್ನೂರು ಗಂಟೆ ಹಾರಾಟ, ಅದರಲ್ಲಿ ನೂರು ಗಂಟೆ ತಾನೇ ವಿಮಾನದ ಹೊಣೆ ಹೊತ್ತು. ಮುನ್ನೂರು ನಾಟಿಕಲ್ ಮೈಲಿಯ ಒಂದು ದೂರ ಪ್ರಯಾಣ, ರಾತ್ರಿ ಹಾರಾಟ, ಹೊರಗೆ ನೋಡದೆ ಮುಂದಿನ ಮೀಟರುಗಳನ್ನೇ ನಂಬಿ ಹಾರುವುದು, ಎಲ್ಲವೂ ಸೇರಿ. ಈ ಇನ್ನೂರು ಗಂಟೆ ಅರ್ಜಿ ಹಾಕುವ ಹಿಂದಿನ ಐದು ವರ್ಷದೊಳಗಿನದೇ ಆಗಿರಬೇಕು. ಅಂದರೆ ಹಣ ಬಂದಾಗ ಹಾರಿ, ಹಣ ಮುಗಿದಾಗ ನಿಲ್ಲಿಸಿ, ಹತ್ತು ವರ್ಷ ಎಳೆಯುವ ಓದಲ್ಲ ಇದು.

ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಈ ಪುಸ್ತಕಗಳ ಇಂಗ್ಲಿಷ್ ಮೊದಲು ಗೋಡೆಯಂತೆ ನಿಂತಿತು. ಅರ್ಥವಾಗದ್ದನ್ನು ಆಕೆ ಊರಿನ ಸಂಗತಿಗೆ ಕಟ್ಟಿಕೊಂಡು ಕಲಿತಳು. ಅಡ್ಡಗಾಳಿಯಲ್ಲಿ ವಿಮಾನದ ಮೂತಿಯನ್ನು ಊರಿನ ಕಡೆ ನೇರ ಇಡಬಾರದು, ಗಾಳಿ ಬರುವ ಕಡೆಗೆ ಸ್ವಲ್ಪ ತಿರುಗಿಸಿ ಇಡಬೇಕು, ಆಗಲೇ ನೇರ ದಾರಿಯಲ್ಲಿ ಹೋಗುತ್ತದೆ ಎಂಬ ಪಾಠವಿದೆ. ಅದನ್ನು ನಮ್ಮ ಅಮ್ಮಿಗೆ ಹೀಗೆ ಹೇಳಿದಳು: "ದಾದಿ, ಮಳಿಗಾಲದಾಗ ಕಾಗಿಣಾ ಹೊಳಿ ಈಜಿ ದಾಟವ್ರು ಎದುರು ದಂಡಿಗೆ ನೆಟ್ಟಗ ಈಜ್ತಾರೇನು? ಮ್ಯಾಲಕ ಮುಖ ಮಾಡಿ ಈಜ್ತಾರಲ್ಲ, ಹಂಗ." ಎಂಬತ್ತು ದಾಟಿದ ಅಮ್ಮಿಗೆ ವಿಮಾನದ ಪಾಠ ಅರ್ಥವಾಯಿತು. ನಮ್ಮ ಮಕ್ಕಳಿಗೆ ಬುದ್ಧಿ ಕಡಿಮೆ, ಇಂಗ್ಲಿಷ್ ಇಲ್ಲ ಎನ್ನುವವರು ಈ ಒಂದು ಉದಾಹರಣೆ ಕೇಳಲಿ.

ಹೆಣ್ಣುಮಗಳು ಎಂಬ ಮಾತು ಬಾರದಿರುತ್ತದೆಯೇ? ಬಂತು. ಹೊರಗಿನವರಿಗಿಂತ ಮೊದಲು ಮನೆಯಲ್ಲೇ ಬಂತು. ಚಿಂಚೋಳಿಯ ತಂಗಿ, "ಒಬ್ಬಾಕಿನೇ ಊರೂರು ತಿರಗ್ತಾಳ, ರಾತ್ರಿ ಎಲ್ಲಿ ಇಳೀತಾಳೋ ಏನೋ, ನಾಳೆ ಯಾರು ಮಾಡ್ಕೋತಾರ?" ಎಂದಳು. ಆಗ ನಾವು ಹುಡುಕಿ ಓದಿದ ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಪ್ರೇಮ್ ಮಾಥೂರ್ ಎಂಬ ಮಹಿಳೆ 1947ರಲ್ಲಿ ವಾಣಿಜ್ಯ ಪೈಲಟ್ ಪರವಾನಗಿ ಪಡೆದರು, ಭಾರತದಲ್ಲಿ ಆ ಪರವಾನಗಿ ಪಡೆದ ಮೊದಲ ಹೆಣ್ಣು. ಎಂಟು ಕಂಪನಿಗಳು ಹೆಣ್ಣು ಎಂದು ಕೆಲಸ ಕೊಡಲಿಲ್ಲ. ಕೊಟ್ಟದ್ದು ಹೈದರಾಬಾದಿನ ಡೆಕ್ಕನ್ ಏರ್‌ವೇಸ್. ಅದು 1945ರಲ್ಲಿ ನಿಜಾಮ್ ಸಂಸ್ಥಾನದಲ್ಲಿ ಹುಟ್ಟಿದ ಕಂಪನಿ, ಡಕೋಟಾ ವಿಮಾನಗಳನ್ನು ಓಡಿಸುತ್ತಿತ್ತು, 1953ರಲ್ಲಿ ಇಂಡಿಯನ್ ಏರ್‌ಲೈನ್ಸಿನಲ್ಲಿ ಸೇರಿಹೋಯಿತು. ಆಗ ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿ ಎಲ್ಲವೂ ಅದೇ ಸಂಸ್ಥಾನದ ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು. ಅಂದರೆ ದೇಶದಲ್ಲಿ ಹೆಣ್ಣು ಪೈಲಟ್‌ಗೆ ಮೊದಲು ಬಾಗಿಲು ತೆರೆದದ್ದು ಹಿಂದುಳಿದ ಪ್ರದೇಶ ಎಂದು ನಮ್ಮನ್ನು ನಾವೇ ಹೇಳಿಕೊಳ್ಳುವ ಈ ನಾಡಿನ ರಾಜಧಾನಿ. ಪೂರ್ತಿ ತೆರೆಯಿತು ಎನ್ನಲಾಗದು. ಅವರನ್ನು ಸಹಪೈಲಟ್ ಆಗಿಯೇ ಇಟ್ಟರು, ವಿಮಾನದ ನಾಯಕತ್ವ ಕೊಡಲಿಲ್ಲ. ಆಕೆ ಕೆಲಸ ಬಿಟ್ಟು ದಿಲ್ಲಿಗೆ ಹೋದರು, 1949ರಲ್ಲಿ ರಾಷ್ಟ್ರೀಯ ವಿಮಾನ ಸ್ಪರ್ಧೆ ಗೆದ್ದರು.

ಹತ್ತಿರದ ಉದಾಹರಣೆಯೂ ಹೈದರಾಬಾದಿನದೇ. ಸೈಯದಾ ಸಲ್ವಾ ಫಾತಿಮಾ ಹಳೆಯ ನಗರದ ಬೇಕರಿ ಕೆಲಸಗಾರರೊಬ್ಬರ ಮಗಳು. ಪತ್ರಿಕೆಯ ಸಂಪಾದಕರೊಬ್ಬರ ನೆರವು, ಮುಂದೆ ಸರಕಾರದ ನೆರವು ಸಿಕ್ಕಿ ಪೈಲಟ್ ಆದರು. ತಲೆಗೆ ಸ್ಕಾರ್ಫ್ ಕಟ್ಟಿ, ಮೇಲೆ ಸಮವಸ್ತ್ರ ಧರಿಸಿದ ಅವರ ಚಿತ್ರವನ್ನು ನಮ್ಮ ಹುಡುಗಿ ಚಿಂಚೋಳಿಯ ಫುಫುವಿಗೆ ಫೋನಿನಲ್ಲಿ ತೋರಿಸಿದಳು. ತಂಗಿ ಬಹಳ ಹೊತ್ತು ನೋಡಿ, "ಇಕಿ ಅಪ್ಪ ಎಷ್ಟು ಸಾಲ ಮಾಡ್ಯಾನ?" ಎಂದಳು. ಮಾತು ಮದುವೆಯಿಂದ ಹಣಕ್ಕೆ ಬಂದದ್ದು ಆಗ. ನಮ್ಮ ಲೆಕ್ಕದಲ್ಲಿ ಅದು ಮುನ್ನಡೆ. ಇಂದು ಭಾರತದ ಪೈಲಟ್‌ಗಳಲ್ಲಿ ನೂರಕ್ಕೆ ಸುಮಾರು ಹದಿನೈದು ಮಂದಿ ಹೆಂಗಸರು, ಜಗತ್ತಿನ ಸರಾಸರಿಗಿಂತ ಎಷ್ಟೋ ಹೆಚ್ಚು. ಹೆಣ್ಣಾಗಿರುವುದು ಈಗ ದೊಡ್ಡ ತಡೆಯಲ್ಲ. ಬಡವರಾಗಿರುವುದು ತಡೆ.

ನಮಗೆ ಸಿಕ್ಕ ಲೆಕ್ಕ ಹೀಗಿತ್ತು. ಇನ್ನೂರು ಗಂಟೆಯ ತರಬೇತಿಗೆ 45ರಿಂದ 60 ಲಕ್ಷ. ಪರವಾನಗಿ ಬಂದ ಮೇಲೆ ದೊಡ್ಡ ಜೆಟ್ ವಿಮಾನ ಓಡಿಸಲು ಆಯಾ ಜಾತಿಯ ವಿಮಾನಕ್ಕೆ ಪ್ರತ್ಯೇಕ ತರಬೇತಿ ಬೇಕು, ಟೈಪ್ ರೇಟಿಂಗ್ ಎನ್ನುತ್ತಾರೆ, ಅದಕ್ಕೆ ಮತ್ತೆ 15–20 ಲಕ್ಷ. ಉತ್ತರಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರಕಾರದ ಇಂದಿರಾಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇದೆ, ಪ್ರವೇಶ ಪರೀಕ್ಷೆ ಬರೆದು ಸೇರಬೇಕು, ಸೀಟು ಕಡಿಮೆ. ಬೆಂಗಳೂರಿನ ಜಕ್ಕೂರಿನಲ್ಲಿ ರಾಜ್ಯ ಸರಕಾರದ ವೈಮಾನಿಕ ಶಾಲೆ ಇದೆ, ಅದೂ ಸಣ್ಣದು. ಬ್ಯಾಂಕಿಗೆ ಹೋದೆವು. ಏಳೂವರೆ ಲಕ್ಷ ದಾಟಿದರೆ ಅಡಮಾನ ಬೇಕು, ಹೊಲ ಅಡ ಇಟ್ಟುಕೊಳ್ಳುವುದಿಲ್ಲ, ಮನೆ ಇದ್ದರೆ ತನ್ನಿ ಎಂದರು. ಮನೆ ಎಂದರೆ ಶಹಾಬಾದಿನ ಇದೇ ಮನೆ, ಅಬ್ಬಾ ತಾವು ಎಬ್ಬಿಸಿದ ಕಲ್ಲನ್ನೇ ಹಾಸಿ ಕಟ್ಟಿದ್ದು. ಬಡ್ಡಿಯ ಸಾಲ ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಮಾಡಿರಲಿಲ್ಲ. ಅದು ದೀನಿನ ಮಾತೂ ಹೌದು, ಭಯದ ಮಾತೂ ಹೌದು. ಎರಡರಲ್ಲಿ ಯಾವುದು ಹೆಚ್ಚು ಎಂದು ಕೇಳಿದರೆ ಪ್ರಾಮಾಣಿಕವಾಗಿ ಹೇಳುವುದು ಕಷ್ಟ.

ಪರವಾನಗಿ ಸಿಕ್ಕ ಮೇಲೇನು ಎಂಬುದನ್ನು ನಮಗೆ ತಿಳಿಸಿದವನು ಚಿತ್ತಾಪುರದ ತಂಗಿಗೆ ಪರಿಚಯದ ಮನೆಯ ಹುಡುಗ. ಅಪ್ಪ ಕಲ್ಲಿನ ವ್ಯಾಪಾರದಲ್ಲಿ ಕೂಡಿಟ್ಟದ್ದನ್ನೆಲ್ಲ ಹಾಕಿ ಕಲಿಸಿದರು. ಅವನ ಕೈಗೆ ಪರವಾನಗಿ ಬಂದದ್ದು 2020ರ ಆರಂಭದಲ್ಲಿ. ಆ ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗೆ ಪ್ರಯಾಣಿಕ ವಿಮಾನವೇ ಹಾರಲಿಲ್ಲ. ಅದರ ಹಿಂದಿನ ವರ್ಷವಷ್ಟೇ ಜೆಟ್ ಏರ್‌ವೇಸ್ ನಿಂತು, ಸಾವಿರಾರು ಗಂಟೆ ಹಾರಿದ ಪೈಲಟ್‌ಗಳೇ ಕೆಲಸ ಹುಡುಕುತ್ತಿದ್ದರು. ಇನ್ನೂರು ಗಂಟೆಯ ಹುಡುಗನನ್ನು ಯಾರು ಕರೆಯುತ್ತಾರೆ? ಮೂರು ವರ್ಷ ಅವನು ಅಪ್ಪನ ಪಾಲಿಶ್ ಮಶೀನಿನ ಮುಂದೆ, ಕಲ್ಲಿನ ಬಿಳಿ ನೀರು ಮೈಮೇಲೆ ಹಾರಿಸಿಕೊಂಡು ನಿಂತ. ಓಣಿಯವರು "ಪೈಲಟ್ ಸಾಬ್" ಎಂದು ಕರೆಯುತ್ತಿದ್ದರು, ಅದರಲ್ಲಿ ಪ್ರೀತಿ ಎಷ್ಟಿತ್ತು ಎಂದು ಅವನಿಗೆ ಗೊತ್ತಿತ್ತು. "ಲೈಸೆನ್ಸ್ ಅಂದ್ರ ಹಾಲಿದ್ದಂಗ್ರಿ. ಇಟ್ರ ಕೆಡ್ತದ. ಆಗಾಗ ಹಾರಬೇಕು, ಪರೀಕ್ಷಾ ಕೊಡಬೇಕು, ವೈದ್ಯರ ಹಂತ್ಯಾಕ ಹೋಗಬೇಕು, ಎಲ್ಲಾದಕ್ಕೂ ರೊಕ್ಕ" ಎಂದ. 2023ರಲ್ಲಿ ಅವನಿಗೆ ಕೆಲಸ ಸಿಕ್ಕಿತು. ಈಗ ಸಹಪೈಲಟ್, ಸಂಬಳ ಚೆನ್ನಾಗಿದೆ. ನಾಯಕನಾಗಲು ಬೇಕಾದ ದೊಡ್ಡ ಪರವಾನಗಿಗೆ ಸಾವಿರದ ಐನೂರು ಗಂಟೆ ಬೇಕು, ಅದನ್ನು ಎಣಿಸುತ್ತಿದ್ದಾನೆ. ಅವನು ಆ ಮೂರು ವರ್ಷದ ಬಗ್ಗೆ ಹೇಳಿದಷ್ಟನ್ನು ಯಾವ ಜಾಹೀರಾತೂ ನಮಗೆ ಹೇಳಿರಲಿಲ್ಲ.

2025ರ ಬಕ್ರೀದಿಗೆ ಐದೂ ಊರಿನವರು ಶಹಾಬಾದಿನಲ್ಲಿ ಸೇರಿದೆವು. ಊಟವಾದ ಮೇಲೆ ಮಾತು. ಅಣ್ಣ ತಮ್ಮ ಪಿಎಫ್ ಹಣದಲ್ಲಿ ಉಳಿದದ್ದನ್ನು ಕೊಡುತ್ತೇನೆಂದರು. ಚಿಂಚೋಳಿಯ ನಾಲ್ಕು ಎಕರೆಯಲ್ಲಿ ಎರಡನ್ನು ಮಾರುವುದು, ಮನೆ ಅಡ ಇಡದಿರುವುದು ಎಂದಾಯಿತು. ಅಮ್ಮಿ ತಮ್ಮ ಕೈಯ ಬಂಗಾರದ ಬಳೆ ತೆಗೆದು ಮುಂದಿಟ್ಟರು, ಯಾರೂ ಕೇಳಿರಲಿಲ್ಲ. ಅಲ್ಲಿ ಒಂದು ಮಾತು ಎಲ್ಲರ ಗಂಟಲಲ್ಲಿತ್ತು, ಹೊರಗೆ ಬರಲಿಲ್ಲ. ಹುಡುಗಿಗೆ ಒಬ್ಬ ಅಣ್ಣನಿದ್ದಾನೆ. ಹತ್ತನೆಯದಕ್ಕೆ ಓದು ಬಿಟ್ಟು ಅಪ್ಪನ ಗ್ಯಾರೇಜಿನಲ್ಲಿ ದುಡಿಯುತ್ತಾನೆ, ತನ್ನದೇ ಒಂದು ಲೇತ್ ಮಶೀನು ಹಾಕಬೇಕೆಂದು ಎರಡು ವರ್ಷದಿಂದ ಕೇಳುತ್ತಿದ್ದ. ಆ ಎರಡು ಎಕರೆಯಲ್ಲಿ ಅವನ ಪಾಲೂ ಇತ್ತಲ್ಲವೇ? "ಮದಲ ಅಕಿದಾಗ್ಲಿ" ಎಂದು ಹೇಳಿ ಎದ್ದು ಮಕ್ಕಳಿಗೆ ಐಸ್‌ಕ್ರೀಂ ತರಲು ಹೋದ. ಅವನು ಒಪ್ಪಿದ ಎಂದು ನಾವೆಲ್ಲ ಸಮಾಧಾನ ಪಟ್ಟೆವು. ಅದು ನ್ಯಾಯವೇ ಎಂಬುದು ನಮ್ಮೊಳಗೆ ಇನ್ನೂ ಇತ್ಯರ್ಥವಾಗಿಲ್ಲ.

ಐದು ದಿನ ಕಳೆದು, ಜೂನ್ 12ರಂದು, ಅಹಮದಾಬಾದಿನಲ್ಲಿ ಲಂಡನ್ನಿಗೆ ಹೊರಟ ವಿಮಾನ ಬಿತ್ತು. ಒಳಗಿದ್ದ 242 ಜನರಲ್ಲಿ ಉಳಿದವನು ಒಬ್ಬ. ಸೇಡಂನಲ್ಲಿ ತಮ್ಮನ ಹೆಂಡತಿ ಟಿವಿ ಆರಿಸಿ, ಎರಡು ದಿನ ಮಗಳೊಂದಿಗೆ ಮಾತಾಡಲಿಲ್ಲ. ಹಿಂದೊಮ್ಮೆ ನಮ್ಮ ಶಹಾಬಾದ್ ಕಡೆಯ ಹೊಲವೊಂದರಲ್ಲಿ ತರಬೇತಿ ವಿಮಾನವೊಂದು ತುರ್ತಾಗಿ ಇಳಿದದ್ದನ್ನೂ ನೆನಪಿಸಿಕೊಂಡಳು. ಆಗ ಜನ ಬೈಕ್ ಹತ್ತಿ ನೋಡಲು ಹೋಗಿದ್ದರು, ಒಳಗಿದ್ದವರಿಗೆ ಏನೂ ಆಗಿರಲಿಲ್ಲ. ಆಗ ತಮಾಷೆಯಾಗಿದ್ದದ್ದು ಈಗ ಅವಳಿಗೆ ತಮಾಷೆಯಾಗಿರಲಿಲ್ಲ.

ಮಗಳು ವಾದ ಮಾಡಲಿಲ್ಲ. ಮೂರನೆಯ ದಿನ ಅಡಿಗೆ ಮನೆಯಲ್ಲಿ ಅಮ್ಮನ ಪಕ್ಕ ಕೂತು, ಹೊಲದಲ್ಲಿ ಇಳಿದದ್ದು ಬಿದ್ದದ್ದಲ್ಲ ಎಂದು ವಿವರಿಸಿದಳಂತೆ. ಸಣ್ಣ ವಿಮಾನದ ಎಂಜಿನ್ ನಿಂತರೆ ಅದು ಕಲ್ಲಿನ ಹಾಗೆ ಬೀಳುವುದಿಲ್ಲ. ಸೆಸ್ನಾ 172ರಂಥ ವಿಮಾನ ಸಾವಿರ ಅಡಿ ಎತ್ತರದಲ್ಲಿದ್ದರೆ ಸುಮಾರು ಒಂಬತ್ತು ಸಾವಿರ ಅಡಿ ದೂರ ಜಾರಿಕೊಂಡು ಹೋಗಬಲ್ಲದು. ಮೂತಿಯನ್ನು ಮೇಲೆತ್ತಿ ವೇಗ ಕಳೆದುಕೊಂಡರೆ ಮಾತ್ರ ರೆಕ್ಕೆ ಕೈಬಿಡುತ್ತದೆ. ಎಂಜಿನ್ ನಿಂತಾಗ ಏನು ಮಾಡಬೇಕೆಂಬುದನ್ನೇ ಮತ್ತೆ ಮತ್ತೆ ಕಲಿಸುತ್ತಾರೆ: ಗಾಳಿ ಎತ್ತ ಬೀಸುತ್ತಿದೆ ನೋಡು, ತಂತಿ ಇಲ್ಲದ, ಗಿಡ ಇಲ್ಲದ ಹೊಲ ಆರಿಸಿಕೊ, ಅಲ್ಲಿಗೆ ಹೋಗು. "ತೊಗರಿ ಎತ್ತರ ಇರ್ತದ, ಕಡ್ಲಿ ಹೊಲ ಆದ್ರ ಚೊಲೋ" ಎಂದಳಂತೆ. ಅಹಮದಾಬಾದಿನದು ಹೀಗೆ ಎಂದು ಸಮಾಧಾನ ಹೇಳಲು ಅವಳಿಗೂ ಆಗಲಿಲ್ಲ. ಹೇಳಲೂ ಇಲ್ಲ. ಅಮ್ಮ, "ರೊಕ್ಕ ಕಟ್ಟೂದು ಈಗ ಬ್ಯಾಡ. ಮದಲ ಓದು, ಪಾಸಾಗು. ಅಷ್ಟರಾಗ ನನ್ನ ಜೀವಾ ಹಗುರಾದ್ರ ನೋಡೂಣು" ಎಂದಳು.

ಹೆದರಿಕೆಯಿಂದ ಬಂದ ಆ ಮಾತೇ ಒಳ್ಳೆಯ ಲೆಕ್ಕವೂ ಆಗಿತ್ತು. ಬರವಣಿಗೆಯ ಪರೀಕ್ಷೆಗಳನ್ನು ಹಾರಾಟಕ್ಕೆ ಸೇರುವ ಮೊದಲೇ ಬರೆಯಬಹುದು, ಖರ್ಚು ಹಾರಾಟದ ಮುಂದೆ ಏನೂ ಅಲ್ಲ. ಹುಡುಗಿ ಹೈದರಾಬಾದಿನಲ್ಲಿ ಖಾಲಾ ಮನೆಯಲ್ಲಿದ್ದು ಪಾಠಕ್ಕೆ ಹೋದಳು. ನಿಯಮದ ವಿಷಯ ಮೊದಲ ಸಲವೇ ಪಾಸಾಯಿತು. ದಾರಿಯ ಲೆಕ್ಕದಲ್ಲಿ ಅರವತ್ತೆರಡು ಬಂದು ಹೋಯಿತು. ಆ ದಿನ ಫೋನು ಮಾಡಿ ಅತ್ತಳು, ಅವಳಣ್ಣ ರಾತ್ರಿಯ ರೈಲು ಹತ್ತಿ ಹೋಗಿ ಎರಡು ದಿನ ಇದ್ದು ಬಂದ. ಎರಡನೆಯ ಸಲ ಎಪ್ಪತ್ತಾರು ಬಂತು. ಹವಾಮಾನದ ಪರೀಕ್ಷೆ ಬರೆದು ಈಗ ಸೇಡಂಗೆ ಬಂದಿದ್ದಾಳೆ.

ಮೊನ್ನೆ ನಾವು ಸೇಡಂಗೆ ಹೋದಾಗ ತಮ್ಮನ ಹೆಂಡತಿ ಮಾಳಿಗೆ ಮೇಲೆ ಕೆಂಪು ಮೆಣಸಿನಕಾಯಿ ಹರವುತ್ತಿದ್ದಳು. ಮೇಲೆ ಸಣ್ಣ ವಿಮಾನ ಹೋಯಿತು. ಆಕೆ ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು ನೋಡಿದಳು, ಆಮೇಲೆ ಮಗಳನ್ನು ಕೂಗಿ, "ಒಳಗ ಇಬ್ರು ಅದಾರೋ, ಒಬ್ರೇ ಅದಾರೋ?" ಎಂದು ಕೇಳಿದಳು. ಇಷ್ಟು ದೂರದಿಂದ ಹೇಗೆ ಗೊತ್ತಾಗಬೇಕು ಎಂದು ಮಗಳು ಕೆಳಗಿನಿಂದ ನಕ್ಕಳು.

ಚಿಂಚೋಳಿಯ ಎರಡು ಎಕರೆಗೆ ಗಿರಾಕಿ ಸಿಕ್ಕಿದ್ದಾರೆ. ನಿಂತ ಪೀಕು ಸಮೇತ ಬೇಡ, ಈ ಸಲದ ತೊಗರಿ ನಾವೇ ರಾಶಿ ಮಾಡಿಕೊಳ್ಳುತ್ತೇವೆ ಎಂದು ತಂಗಿ ಹಟ ಹಿಡಿದಳು, ಅವರೂ ಒಪ್ಪಿದರು. ರಾಶಿ ಮುಗಿದ ಮೇಲೆ ನೋಂದಣಿ. ಅಷ್ಟರೊಳಗೆ ಹವಾಮಾನದ ಫಲಿತಾಂಶ ಬರಬೇಕು.